ಪ್ಯಾಕೇಜ್ ದಾರಿ ಬಿಟ್ಟು ವಿಯೆಟ್ನಾಂ: ಚಾಮ್ ಜನರ ಊರುಗಳಿಗೆ ಸ್ಥಳೀಯ ಗೈಡ್ ಜೊತೆ ಹೋಗಿಬರುವುದು ಹೇಗೆ?

ಬೆಂಗಳೂರಿನಲ್ಲಿ ಯಾವ ಟ್ರಾವೆಲ್ ಏಜೆನ್ಸಿಯಲ್ಲಿ ವಿಚಾರಿಸಿದರೂ ವಿಯೆಟ್ನಾಂ ಪ್ಯಾಕೇಜ್ ಹೆಚ್ಚುಕಡಿಮೆ ಒಂದೇ. ಹನೋಯ್, ಹಾ ಲಾಂಗ್ ಕೊಲ್ಲಿಯ ಕ್ರೂಸ್, ದಾ ನಾಂಗ್ ಹತ್ತಿರದ ಬಾ ನಾ ಹಿಲ್ಸ್, ಹೋಯ್ ಆನ್‌ನ ಬಣ್ಣದ ಲಾಟೀನುಗಳು, ಕೊನೆಗೆ ಕು ಚಿ ಸುರಂಗ. ಸಂಜೆಗೆ ಇಂಡಿಯನ್ ಊಟ. ಇವೆಲ್ಲ ನೋಡುವಂಥ ಜಾಗಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಷ್ಟು ಸುತ್ತಿ ಬಂದವರನ್ನು ಅಲ್ಲಿನ ಜನ ಮನೆಯಲ್ಲಿ ಏನು ಉಣ್ಣುತ್ತಾರೆ, ಹಬ್ಬ ಹೇಗೆ ಮಾಡುತ್ತಾರೆ, ಮನೆಯ ಯಜಮಾನಿಕೆ ಯಾರದು ಎಂದು ಕೇಳಿ ನೋಡಿ. ಹೇಳಲು ಅವರ ಹತ್ತಿರ ಏನೂ ಇರುವುದಿಲ್ಲ. ಆ ದಾರಿಯಲ್ಲಿ ಯಾರ ಮನೆಯೂ ಬರುವುದಿಲ್ಲ.

ಸಂಸ್ಕೃತಿ ನೋಡಬೇಕೆಂದು ಹೊರಡುವವರಿಗೆ ನಾನು ಹೇಳುವುದು ಒಂದೇ ಮಾತು: ಊರುಗಳ ಪಟ್ಟಿ ಚಿಕ್ಕದು ಮಾಡಿ, ಗೈಡ್ ಆರಿಸುವುದಕ್ಕೆ ಹೆಚ್ಚು ಸಮಯ ಕೊಡಿ. ವಿಯೆಟ್ನಾಂ ಸರ್ಕಾರ 54 ಜನಾಂಗಗಳನ್ನು ಗುರುತಿಸಿದೆ. ಅದರಲ್ಲಿ ಕಿನ್ ಜನರೇ ಸುಮಾರು 85 ಶೇಕಡಾ. ಪ್ರವಾಸೋದ್ಯಮದಲ್ಲಿ ನಿಮಗೆ ಸಿಗುವ ಗೈಡ್‌ಗಳಲ್ಲಿ ಹೆಚ್ಚಿನವರು ಕಿನ್ ಜನರೇ. ಅವರು ಒಳ್ಳೆಯವರು, ಕೆಲಸ ಬಲ್ಲವರು. ಆದರೆ ಉಳಿದ 53 ಜನಾಂಗಗಳ ಮನೆಯೊಳಗಿನ ಮಾತು ಅವರಿಗೂ ಹೊರಗಿನದೇ. ಆ ಜನಾಂಗದಲ್ಲೇ ಹುಟ್ಟಿದ ಒಬ್ಬರು ಜೊತೆಗಿದ್ದರೆ ಅದೇ ಊರು ಬೇರೆಯಾಗಿ ಕಾಣುತ್ತದೆ. ದಕ್ಷಿಣ ಕರಾವಳಿಯ ಫಾನ್ ರಾಂಗ್ ಸುತ್ತಲಿನ ಚಾಮ್ ಊರುಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನೆಲ್ಲ ಒಂದೊಂದಾಗಿ ಹೇಳುತ್ತೇನೆ. ಉತ್ತರದ ಬೆಟ್ಟಗಳಿಗೆ ಹೋಗುವವರಿಗೂ ಕೊನೆಯಲ್ಲಿ ನಾಲ್ಕು ಮಾತು ಇದೆ.

ಮೊದಲ ಹೆಜ್ಜೆ: ಒಂದೇ ಜಾಗ ಆರಿಸಿಕೊಳ್ಳಿ

ಚಾಮ್ ಎಂದರೆ ಒಂದು ಕಾಲಕ್ಕೆ ಮಧ್ಯ ವಿಯೆಟ್ನಾಂ ಕರಾವಳಿಯುದ್ದಕ್ಕೂ ಆಳಿದ ಚಂಪಾ ರಾಜ್ಯಗಳ ಜನ. ಇವರ ಹಳೆಯ ಶಾಸನಗಳು ಸಂಸ್ಕೃತದಲ್ಲಿವೆ, ಚಾಮ್ ಭಾಷೆಯಲ್ಲಿವೆ. ಕಾಲ ಎಣಿಸಿದ್ದು ನಮ್ಮ ಶಾಸನಗಳಲ್ಲಿರುವ ಅದೇ ಶಕವರ್ಷದಲ್ಲಿ. ಅವರ ಲಿಪಿಯೂ ಬ್ರಾಹ್ಮಿಯ ವಂಶದ್ದೇ. 1471ರಲ್ಲಿ ಚಂಪಾದ ರಾಜಧಾನಿ ವಿಜಯ ಬಿತ್ತು, 1832ರಲ್ಲಿ ವಿಯೆಟ್ನಾಂ ದೊರೆ ಮಿನ್ ಮಾಂಗ್ ಕೊನೆಯ ತುಂಡನ್ನೂ ವಿಯೆಟ್ನಾಂಗೆ ಸೇರಿಸಿಕೊಂಡ. ಆ ಕೊನೆಯ ತುಂಡಿನ ಹೆಸರು ಪಾಂಡುರಂಗ. ಇವತ್ತಿನ ಫಾನ್ ರಾಂಗ್ ಇರುವುದು ಅಲ್ಲೇ.

ಭಾರತದಿಂದ ಹೋಗುವವರು ಚಂಪಾ ಎಂದೊಡನೆ ಮಿ ಸನ್‌ಗೆ ಹೋಗುತ್ತಾರೆ. ಹೋಗಲೇಬೇಕು. 4ನೇ ಶತಮಾನದಲ್ಲಿ ಭದ್ರವರ್ಮ ಭದ್ರೇಶ್ವರ ಶಿವನನ್ನು ಸ್ಥಾಪಿಸಿದ ಕಣಿವೆ ಅದು. 1999ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. 1969ರ ಅಮೆರಿಕನ್ ಬಾಂಬ್ ದಾಳಿಯಲ್ಲಿ ಅಲ್ಲಿನ ಅತಿ ದೊಡ್ಡ ಗೋಪುರ ನೆಲಕಚ್ಚಿತು. ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ಮಾಡುವಾಗ 2020ರಲ್ಲಿ 9ನೇ ಶತಮಾನದ ಏಕಶಿಲಾ ಲಿಂಗವೊಂದು ಸಿಕ್ಕಿದ ಸುದ್ದಿ ಕನ್ನಡ ಪತ್ರಿಕೆಗಳನ್ನು ಓದುವವರಿಗೂ ನೆನಪಿರಬಹುದು. ಆದರೆ ಮಿ ಸನ್‌ನಲ್ಲಿ ನಿತ್ಯದ ಪೂಜೆ ಇಲ್ಲ, ಸುತ್ತ ಚಾಮ್ ಊರಿಲ್ಲ. ಅದನ್ನಷ್ಟೇ ನೋಡಿದವರು ಚಾಮ್ ಜನ ಇತಿಹಾಸದಲ್ಲಿ ಮುಗಿದುಹೋದವರು ಎಂದುಕೊಂಡು ಬರುತ್ತಾರೆ. 2019ರ ಜನಗಣತಿಯಲ್ಲಿ ವಿಯೆಟ್ನಾಂನ ಚಾಮ್ ಜನಸಂಖ್ಯೆ ಸುಮಾರು 1.79 ಲಕ್ಷ. ಅವರಲ್ಲಿ ದೊಡ್ಡ ಪಾಲು ಫಾನ್ ರಾಂಗ್ ಸುತ್ತಮುತ್ತ ಇದೆ. ಅಲ್ಲಿನ ಪೋ ಕ್ಲೋಂಗ್ ಗರಾಯ್ ಗೋಪುರದ ಬಾಗಿಲು ಇವತ್ತಿಗೂ ಅವರದೇ ಅರ್ಚಕರ ಕೈಯಲ್ಲಿ ತೆರೆಯುತ್ತದೆ. ನಾನು ಫಾನ್ ರಾಂಗ್ ಎನ್ನುವುದು ಇದಕ್ಕೇ.

ಒಂದು ವ್ಯಾವಹಾರಿಕ ಎಚ್ಚರಿಕೆ. 2025ರ ಜುಲೈ 1ರಿಂದ ವಿಯೆಟ್ನಾಂನ 63 ಪ್ರಾಂತ್ಯಗಳು ವಿಲೀನಗೊಂಡು 34 ಆದವು, ಜಿಲ್ಲೆಗಳೆಂಬ ಹಂತವೇ ಹೋಯಿತು. ಫಾನ್ ರಾಂಗ್ ಇದ್ದ ನಿನ್ ಥುವಾನ್ ಈಗ ಖಾನ್ ಹೋವಾ ಪ್ರಾಂತ್ಯದೊಳಗೆ ಬಂದಿದೆ. ಮಿ ಸನ್ ಇದ್ದ ಕ್ವಾಂಗ್ ನಾಮ್ ದಾ ನಾಂಗ್‌ಗೆ ಸೇರಿದೆ. ಹಳೆಯ ಪುಸ್ತಕ, ಹಳೆಯ ಬ್ಲಾಗ್ ನೋಡಿ ವಿಳಾಸ ಬರೆದುಕೊಂಡರೆ ಗೊಂದಲವಾಗುತ್ತದೆ. ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಬರೆದಿಟ್ಟುಕೊಳ್ಳಿ. ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರೇ ಇದೆ.

ಎರಡನೇ ಹೆಜ್ಜೆ: ತಿಂಗಳು ಗೊತ್ತುಮಾಡಿ

ಫಾನ್ ರಾಂಗ್ ವಿಯೆಟ್ನಾಂನಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ. ದ್ರಾಕ್ಷಿ ತೋಟ, ಬೆಳ್ಳುಳ್ಳಿ ಹೊಲ, ಕುರಿಮಂದೆ. ವಿಯೆಟ್ನಾಂ ಎಂದರೆ ಹಸಿರು ಗದ್ದೆ ಎಂದುಕೊಂಡು ಹೋದವರಿಗೆ ಅಚ್ಚರಿಯಾಗುತ್ತದೆ. ವಿಜಯಪುರದ ಕಡೆಯವರಿಗೆ ಮಾತ್ರ ಆಗಲಿಕ್ಕಿಲ್ಲ. ಜನವರಿಯಿಂದ ಆಗಸ್ಟ್‌ವರೆಗೆ ಒಣ ಹವೆ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮಳೆ.

ಹಬ್ಬ ನೋಡಬೇಕೆಂದರೆ ಕಾತೇ ನೋಡಿ. ಚಾಮ್ ಪಂಚಾಂಗದ ಏಳನೇ ತಿಂಗಳ ಮೊದಲ ದಿನ ಅದು. ನಮ್ಮ ಲೆಕ್ಕಕ್ಕೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ ಬರುತ್ತದೆ, ಪ್ರತಿ ವರ್ಷ ದಿನಾಂಕ ಬದಲಾಗುತ್ತದೆ. 2024ರಲ್ಲಿ ಅಕ್ಟೋಬರ್ ಮೊದಲ ವಾರ ಬಂದಿದ್ದು 2025ರಲ್ಲಿ ಮೂರನೇ ವಾರಕ್ಕೆ ಹೋಯಿತು. ಆದ್ದರಿಂದ ದಿನಾಂಕ ಖಚಿತವಾಗದೆ ವಿಮಾನದ ಟಿಕೆಟ್ ಮಾಡಿಸಬೇಡಿ. ಕಾತೇ ಸಮಯದಲ್ಲಿ ಫಾನ್ ರಾಂಗ್‌ನ ಹೋಟೆಲುಗಳು ತುಂಬಿರುತ್ತವೆ, ಎರಡು ಮೂರು ತಿಂಗಳು ಮುಂಚೆ ಹೇಳಿಟ್ಟರೆ ಒಳ್ಳೆಯದು. ಏಪ್ರಿಲ್ ಆಸುಪಾಸಿನಲ್ಲಿ ಬರುವ ರಿಜಾ ನಗರ್ ಚಾಮ್ ವರ್ಷದ ಮೊದಲ ಹಬ್ಬ. ಊರೊಳಗೆ ನಡೆಯುತ್ತದೆ, ಪ್ರವಾಸಿಗರು ಬಹಳ ಕಡಿಮೆ.

ತಪ್ಪಿಸಬೇಕಾದ ಸಮಯ ತೆಟ್, ಅಂದರೆ ಚಾಂದ್ರಮಾನ ಹೊಸವರ್ಷ. ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದೊಳಗೆ ಬರುತ್ತದೆ. ದೇಶವೇ ತವರಿಗೆ ಹೊರಟಿರುತ್ತದೆ. ರೈಲು, ಬಸ್ಸಿನಲ್ಲಿ ಜಾಗವಿಲ್ಲ, ಅಂಗಡಿಗಳು ಮುಚ್ಚಿರುತ್ತವೆ, ಗೈಡ್ ಕೂಡ ತನ್ನ ಮನೆಯಲ್ಲಿರುತ್ತಾನೆ.

ಮೂರನೇ ಹೆಜ್ಜೆ: ಗೈಡ್ ಹುಡುಕುವುದು

ಇಡೀ ಪ್ರವಾಸ ನಿಂತಿರುವುದು ಇದರ ಮೇಲೆ. ಅವಸರ ಮಾಡಬೇಡಿ.

ಕಾನೂನು ಮೊದಲು ತಿಳಿದಿರಲಿ. ವಿಯೆಟ್ನಾಂನ 2017ರ ಪ್ರವಾಸೋದ್ಯಮ ಕಾಯ್ದೆಯ ಪ್ರಕಾರ ಗೈಡ್ ಆಗಿ ದುಡಿಯುವವರ ಬಳಿ ಕಾರ್ಡ್ ಇರಬೇಕು. ಕಾರ್ಡ್‌ನಲ್ಲಿ ಮೂರು ಬಗೆ: ವಿದೇಶಿಯರನ್ನು ಕರೆದೊಯ್ಯುವ ಅಂತರರಾಷ್ಟ್ರೀಯ ಕಾರ್ಡ್, ದೇಶೀಯ ಕಾರ್ಡ್, ಒಂದು ನಿರ್ದಿಷ್ಟ ತಾಣಕ್ಕೆ ಸೀಮಿತವಾದ ಕಾರ್ಡ್. ವಿದೇಶಿಯರು ಗೈಡ್ ಆಗುವಂತಿಲ್ಲ. ಹಾಗಾಗಿ ಭಾರತದಿಂದಲೇ ಜೊತೆಗೆ ಬರುವ ಟೂರ್ ಮ್ಯಾನೇಜರ್ ನಿಮ್ಮ ಗುಂಪಿನ ಮೇಲ್ವಿಚಾರಕನೇ ಹೊರತು ಅಲ್ಲಿನ ಗೈಡ್ ಅಲ್ಲ. ನೀವು ಮಾತಾಡುತ್ತಿರುವ ವ್ಯಕ್ತಿಯ ಕಾರ್ಡ್ ಯಾವ ಬಗೆಯದು ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ, ಕಾರ್ಡ್ ಇದ್ದವರು ಫೋಟೋ ಕಳಿಸಿಬಿಡುತ್ತಾರೆ.

ಇಂಗ್ಲಿಷ್ ಬಲ್ಲ, ಅಂತರರಾಷ್ಟ್ರೀಯ ಕಾರ್ಡ್ ಇರುವ ಚಾಮ್ ಗೈಡ್ ಸಿಕ್ಕಿದರೆ ನಿಮ್ಮ ಅದೃಷ್ಟ. ಬಹಳ ಸಲ ಸಿಗುವುದಿಲ್ಲ. ಆಗ ಜೋಡಿ ವ್ಯವಸ್ಥೆ ಮಾಡಿಕೊಳ್ಳಿ. ನ್ಯಾ ಚಾಂಗ್ ಅಥವಾ ಹೋ ಚಿ ಮಿನ್ ಸಿಟಿಯ ನೋಂದಾಯಿತ ಸಂಸ್ಥೆಯಿಂದ ಇಂಗ್ಲಿಷ್ ಬಲ್ಲ ಗೈಡ್ ಒಬ್ಬರು, ಊರಿನಲ್ಲಿ ಜೊತೆಗಿರಲು ಚಾಮ್ ವ್ಯಕ್ತಿಯೊಬ್ಬರು. ಚಾಮ್ ಜನ ತಮ್ಮೊಳಗೆ ಚಾಮ್ ಭಾಷೆ ಆಡಿದರೂ ವಿಯೆಟ್ನಾಮೀಸ್ ಬಹುತೇಕ ಎಲ್ಲರಿಗೂ ಬರುತ್ತದೆ, ಹಾಗಾಗಿ ಗೈಡ್ ಇಬ್ಬರ ನಡುವೆ ಮಾತು ದಾಟಿಸಬಲ್ಲರು. ಊರಿನ ವ್ಯಕ್ತಿಗೆ ದಿನಕ್ಕೆ ಎಷ್ಟು ಕೊಡುತ್ತೀರಿ ಎಂದು ಸಂಸ್ಥೆಯನ್ನು ಬಾಯಿಬಿಟ್ಟು ಕೇಳಿ, ಆ ಮೊತ್ತ ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರೆಯಲು ಹೇಳಿ. ಹಾಗೆ ಬರೆಯಲು ಒಪ್ಪದ ಸಂಸ್ಥೆಯ ಜೊತೆ ನಾನಂತೂ ಹೋಗುವುದಿಲ್ಲ. ಊರವರ ಹೆಸರಿನಲ್ಲಿ ದುಡಿದು ಊರಿಗೆ ಪುಡಿಗಾಸು ಕೊಡುವ ವ್ಯಾಪಾರ ಎಲ್ಲ ದೇಶಗಳಲ್ಲೂ ಇದೆ.

ಮೊದಲ ಸಂದೇಶದಲ್ಲೇ ನಿಮ್ಮ ಉದ್ದೇಶ ಬಿಚ್ಚಿ ಹೇಳಿ. ನಾವು ಇಷ್ಟು ಜನ, ಇಂಥ ವಯಸ್ಸಿನವರು, ಇಂಥ ತಿಂಗಳು ಬರುತ್ತೇವೆ. ಫಾನ್ ರಾಂಗ್‌ನಲ್ಲಿ ಮೂರು ನಾಲ್ಕು ದಿನ ಇರುತ್ತೇವೆ. ದಿನಕ್ಕೆ ಎರಡು ಜಾಗಕ್ಕಿಂತ ಹೆಚ್ಚು ಬೇಡ. ಮಡಕೆ ಮಾಡುವವರ ಮನೆಯಲ್ಲಿ ಅರ್ಧ ದಿನ ಕೂರಬೇಕು. ನಮ್ಮಲ್ಲಿ ಇಷ್ಟು ಜನ ಮಾಂಸ, ಮೀನು ತಿನ್ನುವುದಿಲ್ಲ. ಹೀಗೆ ಬರೆದರೆ ಸಿದ್ಧ ಪ್ಯಾಕೇಜಿನ ಪಿಡಿಎಫ್ ಕಳಿಸುವವರು ಯಾರು, ನಿಮ್ಮ ಮಾತಿಗೆ ಉತ್ತರ ಕೊಡುವವರು ಯಾರು ಎಂದು ತಕ್ಷಣ ಗೊತ್ತಾಗುತ್ತದೆ.

ಆಮೇಲೆ ಗೈಡ್ ಜೊತೆ ಒಮ್ಮೆ ವಿಡಿಯೋ ಕರೆ ಮಾಡಿ. ನಾನು ಕೇಳುವ ಪ್ರಶ್ನೆಗಳು ಕೆಲವು ಇವೆ. ಚಾಮ್‌ರಲ್ಲಿ ಅಹಿಯೆರ್ ಮತ್ತು ಬಾನಿ ಎಂದರೆ ಏನು ವ್ಯತ್ಯಾಸ? ಯಾವ ಮನೆಗೆ ಹೋಗುತ್ತೇವೆ, ಅವರಿಗೂ ನಿಮಗೂ ಎಷ್ಟು ಕಾಲದ ಪರಿಚಯ? ಆ ಮನೆಗೆ ವಾರಕ್ಕೆ ಎಷ್ಟು ಗುಂಪು ಕರೆದೊಯ್ಯುತ್ತೀರಿ? ನಾವು ಹೋಗಬಾರದ ಜಾಗ ಯಾವುದಾದರೂ ಇದೆಯೇ? ಕೊನೆಯ ಪ್ರಶ್ನೆಗೆ "ಎಲ್ಲಿ ಬೇಕಾದರೂ ಹೋಗಬಹುದು" ಎಂದು ಉತ್ತರ ಬಂದರೆ ಬೇರೆಯವರನ್ನು ನೋಡಿ. ಊರು ಬಲ್ಲವರಿಗೆ ಊರಿನ ಎಲ್ಲೆ ಗೊತ್ತಿರುತ್ತದೆ. ಉದಾಹರಣೆಗೆ ಅಹಿಯೆರ್ ಚಾಮ್‌ರು ಶವ ಸುಟ್ಟು, ಹಣೆಯ ಮೂಳೆಯ ಒಂಬತ್ತು ತುಣುಕುಗಳನ್ನು ಚಿಕ್ಕ ಲೋಹದ ಡಬ್ಬಿಯಲ್ಲಿಟ್ಟು, ಮುಂದೆ ತಾಯಿಯ ಕುಲದ ಕುಟ್ ಎಂಬ ಜಾಗದಲ್ಲಿ ನೆಲೆಗೊಳಿಸುತ್ತಾರೆ. ಹೊಲದ ನಡುವೆ ಸಾಲಾಗಿ ನೆಟ್ಟ ಕಲ್ಲುಗಳು ಕಂಡರೆ ಅದು ಕುಟ್ ಇರಬಹುದು. ಫೋಟೋ ತೆಗೆಯಲು ನುಗ್ಗುವ ಜಾಗವಲ್ಲ ಅದು.

ಅಹಿಯೆರ್, ಬಾನಿ ವಿಷಯ ನಿಮಗೂ ಸ್ವಲ್ಪ ತಿಳಿದಿರಲಿ. ಅಹಿಯೆರ್ ಎಂದರೆ ಹಿಂದೂ ಮೂಲದ ಆಚರಣೆ ಉಳಿಸಿಕೊಂಡವರು, ಇವರು ದನದ ಮಾಂಸ ತಿನ್ನುವುದಿಲ್ಲ. ಬಾನಿ ಎಂದರೆ ಇಸ್ಲಾಂ ಪ್ರಭಾವವನ್ನು ತಮ್ಮದೇ ರೀತಿಯಲ್ಲಿ ಒಳಗೊಂಡವರು, ಇವರು ಹಂದಿ ಮಾಂಸ ತಿನ್ನುವುದಿಲ್ಲ. ಇಬ್ಬರೂ ತಮ್ಮನ್ನು ಒಂದೇ ಜನ ಎಂದುಕೊಳ್ಳುತ್ತಾರೆ. ಇಬ್ಬರಲ್ಲೂ ತಾಯಿಯ ಕಡೆಯಿಂದ ವಂಶ, ಮದುವೆಯಾದ ಗಂಡು ಹೆಂಡತಿಯ ಮನೆಗೆ ಹೋಗುತ್ತಾನೆ, ತಾಯಿಯ ಮನೆ ಉಳಿಯುವುದು ಕಿರಿಯ ಮಗಳಿಗೆ. ಅಳಿಯಕಟ್ಟು ಕಂಡ ತುಳುನಾಡಿನವರು ಈ ಊರುಗಳಲ್ಲಿ ಕೇಳಬಹುದಾದ ಪ್ರಶ್ನೆಗಳು ಬೇರೆ ಪ್ರವಾಸಿಗರಿಗೆ ಹೊಳೆಯಲಾರವು. ಕೇಳಿ, ಅವರಿಗೂ ಹೇಳಿ. ಮಾತು ಬೆಳೆಯುವುದು ಹೀಗೆಯೇ.

ನಾಲ್ಕನೆಯದು: ಕಾಗದಪತ್ರ, ದುಡ್ಡು

ಭಾರತೀಯರಿಗೆ ಇ-ವೀಸಾ ಸಿಗುತ್ತದೆ. 2023ರ ಆಗಸ್ಟ್‌ನಿಂದ 90 ದಿನಗಳವರೆಗೆ ಕೊಡುತ್ತಾರೆ. ಒಂದು ಪ್ರವೇಶಕ್ಕೆ 25 ಡಾಲರ್, ಹಲವು ಪ್ರವೇಶಕ್ಕೆ 50 ಡಾಲರ್. ಸರ್ಕಾರಿ ಜಾಲತಾಣದ ಹಾಗೇ ಕಾಣುವ ಖಾಸಗಿ ತಾಣಗಳು ಹೆಚ್ಚು ಹಣ ಕೀಳುತ್ತವೆ, ವಿಳಾಸದ ಕೊನೆಯಲ್ಲಿ ವಿಯೆಟ್ನಾಂ ಸರ್ಕಾರದ ಗುರುತು ಇದೆಯೇ ನೋಡಿ. ಅರ್ಜಿಯಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಬೇಕು. ತಂದೆಯ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿರುವ ನಮ್ಮವರಿಗೆ ತೊಂದರೆ ಬರುವುದು ಇಲ್ಲೇ. ಬೆಂಗಳೂರಿನಿಂದ ಹೋ ಚಿ ಮಿನ್ ಸಿಟಿಗೆ 2025ರಲ್ಲಿ ವಿಯೆಟ್‌ಜೆಟ್ ನೇರ ವಿಮಾನ ಶುರುಮಾಡಿದೆ, ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಹೊರಡುವ ತಿಂಗಳಿನದನ್ನು ನೋಡಿಕೊಳ್ಳಿ.

ಹಳ್ಳಿಗಳಲ್ಲಿ ನಗದು ಬೇಕು. ಒಂದು ರೂಪಾಯಿಗೆ ಹೆಚ್ಚುಕಡಿಮೆ 300 ಡಾಂಗ್ ಎಂದಿಟ್ಟುಕೊಳ್ಳಿ. 20 ಸಾವಿರದ ನೋಟು, 5 ಲಕ್ಷದ ನೋಟು ಎರಡೂ ನೀಲಿ ಛಾಯೆಯವು. ಮಬ್ಬು ಬೆಳಕಿನಲ್ಲಿ ಒಂದರ ಬದಲು ಇನ್ನೊಂದು ಹೋಗುತ್ತದೆ, ಬೇರೆ ಬೇರೆ ಜೇಬಿನಲ್ಲಿಡಿ. ಅಲ್ಲಿನವರು ವಾಟ್ಸಾಪ್‌ಗಿಂತ ಹೆಚ್ಚು ಬಳಸುವುದು ಜಾಲೋ ಎಂಬ ಆ್ಯಪ್, ಗೈಡ್ ಜೊತೆ ಮಾತಿಗೆ ಅದು ಬೇಕಾಗುತ್ತದೆ. ಹೋಮ್‌ಸ್ಟೇಗಳಲ್ಲಿ ಪಾಸ್‌ಪೋರ್ಟ್ ಕೇಳಿ ವಿವರ ಬರೆದುಕೊಳ್ಳುತ್ತಾರೆ. ವಿದೇಶಿಯರು ತಂಗಿದ್ದನ್ನು ಪೊಲೀಸರಿಗೆ ತಿಳಿಸುವುದು ಮನೆಯವರ ಕರ್ತವ್ಯ, ಗಾಬರಿ ಬೇಡ.

ಐದನೆಯದು: ದಿನಗಳನ್ನು ಹಂಚಿಕೊಳ್ಳುವುದು

ಹೋ ಚಿ ಮಿನ್ ಸಿಟಿಯ ಸೈಗಾನ್ ನಿಲ್ದಾಣದಿಂದ ಉತ್ತರಕ್ಕೆ ಹೋಗುವ ರೈಲು ಹತ್ತಿ. ಹನೋಯ್‌ವರೆಗಿನ 1,726 ಕಿ.ಮೀ. ಹಳಿಯಲ್ಲಿ ಸುಮಾರು 320 ಕಿ.ಮೀ. ಹೋದರೆ ನಿಮ್ಮ ನಿಲ್ದಾಣ ಬರುತ್ತದೆ. ಅದರ ಹೆಸರು ಥಾಪ್ ಚಾಮ್, ಹತ್ತಿರದ ಗುಡ್ಡದ ಗೋಪುರದಿಂದಲೇ ಬಂದದ್ದು. ಆರೇಳು ಗಂಟೆಯ ದಾರಿ. ಹಗಲು ರೈಲಾದರೆ ನೆಲ ಹಸಿರಿನಿಂದ ಕುರುಚಲಿಗೆ ತಿರುಗುವುದನ್ನು ಕಿಟಕಿಯಲ್ಲೇ ನೋಡಬಹುದು.

ತಲುಪಿದ ದಿನ ಏನೂ ಇಟ್ಟುಕೊಳ್ಳಬೇಡಿ. ಬಿಸಿಲು ಇಳಿದ ಮೇಲೆ ಗೈಡ್ ಜೊತೆ ಪೋ ಕ್ಲೋಂಗ್ ಗರಾಯ್ ಗುಡ್ಡ ಹತ್ತಿ. ಮೂರನೇ ಜಯಸಿಂಹವರ್ಮನ ಕಾಲದ್ದು ಇದು, 13ನೇ ಶತಮಾನದ ಕೊನೆ, 14ರ ಮೊದಲ ಭಾಗ. ಇಟ್ಟಿಗೆಯ ಮೂರು ಕಟ್ಟಡ: ಮುಖ್ಯ ಗುಡಿ, ಬಾಗಿಲ ಗೋಪುರ, ದೋಣಿಯಾಕಾರದ ಛಾವಣಿಯ ಅಗ್ನಿಗೋಪುರ. ಮುಖ್ಯ ಬಾಗಿಲ ಮೇಲೆ ಆರು ಕೈಗಳ ನಟರಾಜ. ಒಳಗಿರುವುದು ಮುಖಲಿಂಗ, ಆ ಮುಖ ಪೋ ಕ್ಲೋಂಗ್ ಗರಾಯ್ ದೊರೆಯದು. ನೀರಾವರಿ ಮಾಡಿಸಿ ಬರಸೀಮೆಯನ್ನು ಬದುಕಿಸಿದ ದೊರೆ ಎಂದು ಜನ ಅವನನ್ನು ಪೂಜಿಸುತ್ತಾರೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಲಿಂಗ ಕಂಡ ಕೂಡಲೇ "ಇದು ನಮ್ಮದೇ" ಎಂದು ಭಾರತೀಯರಿಗೆ ಅನಿಸುತ್ತದೆ, ಬಾಯಿಂದಲೂ ಬರುತ್ತದೆ. ಗೈಡ್ ಎದುರು, ಅರ್ಚಕರ ಎದುರು ಹಾಗೆ ಹೇಳಬೇಡಿ. ಅದು ಅವರ ದೊರೆ, ಅವರ ದೇವರು. ಸಾವಿರಕ್ಕೂ ಹೆಚ್ಚು ವರ್ಷ ಅವರದೇ ರೀತಿಯಲ್ಲಿ ಬೆಳೆದ ಪೂಜೆ ಅದು. ಮಂತ್ರ ಹೇಳಿ ತೋರಿಸುವುದು, ಪೂಜೆ ಹೀಗೆ ಮಾಡಬೇಕು ಎಂದು ತಿದ್ದುವುದು ಅವರ ಮನಸ್ಸಿಗೆ ನೋವು ಮಾಡುತ್ತದೆ. ನಮ್ಮಲ್ಲೂ ಶಿವನಿದ್ದಾನೆ, ನಮ್ಮೂರಲ್ಲಿ ಹೀಗೆ ಮಾಡುತ್ತೇವೆ, ನೀವು ಹೇಗೆ ಮಾಡುತ್ತೀರಿ ಎಂದು ಕೇಳಿದರೆ ಅವರೇ ಖುಷಿಯಿಂದ ಹೇಳುತ್ತಾರೆ.

ಎರಡನೇ ದಿನ ಬಾವ್ ತ್ರುಕ್ ಊರಿಗೆ. ಚಾಮ್ ಕುಂಬಾರಿಕೆಯನ್ನು ಯುನೆಸ್ಕೋ 2022ರಲ್ಲಿ ತುರ್ತಾಗಿ ರಕ್ಷಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ದೊಡ್ಡ ಅಂಗಡಿಗಳ ಮುಂದೆ ಬಸ್ಸು ನಿಲ್ಲಿಸಿ ಹತ್ತು ನಿಮಿಷದ ಪ್ರದರ್ಶನ ತೋರಿಸುವ ಕ್ರಮವೂ ಇಲ್ಲಿದೆ. ಅದು ಬೇಡ. ಒಂದು ಮನೆಯ ಅಂಗಳದಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂರುವ ಏರ್ಪಾಡು ಗೈಡ್ ಮುಂಚೆಯೇ ಮಾಡಿರಬೇಕು.

ಇಲ್ಲಿ ತಿಗರಿ ಇಲ್ಲ. ಸೊಂಟದೆತ್ತರದ ಗುಂಡನೆಯ ಕಟ್ಟೆಯ ಮೇಲೆ ಮಣ್ಣಿನ ಮುದ್ದೆ ಸುಮ್ಮನೆ ಕೂತಿರುತ್ತದೆ, ಸುತ್ತುವವಳು ಹೆಂಗಸು. ಕ್ವಾವ್ ನದಿಯ ದಡದ ಜೇಡಿಗೆ ಸಣ್ಣ ಮರಳು ಬೆರೆಸಿ ಹದ ಮಾಡಿರುತ್ತಾರೆ. ಆಕೆ ಬೆನ್ನು ಬಗ್ಗಿಸಿ, ಹಿಮ್ಮುಖವಾಗಿ ಹೆಜ್ಜೆ ಇಡುತ್ತ, ಮುದ್ದೆಯ ಸುತ್ತ ಬರುತ್ತಾಳೆ. ಒಂದು ಕೈ ಒಳಗೆ, ಒಂದು ಕೈ ಹೊರಗೆ. ಮಣ್ಣು ಮೇಲೇಳುತ್ತ ಗೋಡೆಯಾಗುತ್ತದೆ. ಆಮೇಲೆ ಒದ್ದೆ ಬಟ್ಟೆ ಕೈಗೆ ಸುತ್ತಿಕೊಂಡು ಮತ್ತೆ ಅದೇ ಸುತ್ತು. ಅಂಚು ನುಣುಪಾಗುವುದು ಈಗ. ಅಂಗಳದ ಮಣ್ಣಿನಲ್ಲಿ ಕಟ್ಟೆಯ ಸುತ್ತ ಅವಳ ಪಾದಗಳು ಸವೆಸಿದ ವೃತ್ತ ಕಾಣುತ್ತದೆಯೇ ನೋಡಿ. ಸುಡುವುದು ಬಯಲಿನಲ್ಲಿ, ಸೌದೆ ಮತ್ತು ಹುಲ್ಲು ಒಟ್ಟಿ. ಬೆಂಕಿಯಿಂದ ತೆಗೆದ ಬಿಸಿ ಮಡಕೆಗೆ ಕಾಡುಮರದ ರಸ ಚಿಮುಕಿಸುತ್ತಾರೆ. ಹಾಗಾಗಿ ಒಂದು ಮಡಕೆಯ ಕಪ್ಪು ಕಂದು ಕಲೆ ಇನ್ನೊಂದರಲ್ಲಿ ಬರುವುದಿಲ್ಲ. ಸುಡುವ ದಿನ ಯಾವುದು ಎಂದು ಮುಂಚೆ ಕೇಳಿಕೊಂಡು ಹೋಗುವುದು ಒಳ್ಳೆಯದು, ದಿನಾ ಸುಡುವುದಿಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲಿ ನೇಕಾರರ ಊರು ಮಿ ಙಿಯೆಪ್. ಅಗಲ ಬಟ್ಟೆಗೆ ಒಂದು ಮಗ್ಗ, ಉದ್ದನೆಯ ಪಟ್ಟಿಗೆ ಇನ್ನೊಂದು. ಆ ಪಟ್ಟಿಗಳ ವಿನ್ಯಾಸದಲ್ಲಿ ಯಾವುದು ಅರ್ಚಕರಿಗೆ, ಯಾವುದು ಮನೆಯವರಿಗೆ ಎಂಬ ಕಟ್ಟುಪಾಡಿದೆ. ಕೊಳ್ಳುವ ಮುಂಚೆ ಇದನ್ನು ಕೇಳಿ.

ಮೂರನೇ ದಿನ ಪೋ ರೋಮೆ ಗೋಪುರಕ್ಕೆ ಹೋಗಬಹುದು. 17ನೇ ಶತಮಾನದ್ದು, ಚಾಮ್‌ರು ಕಟ್ಟಿದ ಕೊನೆಯ ಗೋಪುರಗಳಲ್ಲಿ ಒಂದು, ಜನಸಂಚಾರ ಕಡಿಮೆ. ಸಂಜೆ ಗೈಡ್‌ನ ಮನೆಯಲ್ಲೋ ಪರಿಚಯದ ಮನೆಯಲ್ಲೋ ಊಟ. ನಾಲ್ಕನೇ ದಿನ ಖಾಲಿ ಬಿಡಿ. ಮದುವೆಯೋ ಮನೆದೇವರ ಪೂಜೆಯೋ ಸಂತೆಯೋ ಏನಾದರೂ ಇದ್ದರೆ ಗೈಡ್ ಕರೆಯುತ್ತಾರೆ. ಖಾಲಿ ದಿನವಿಲ್ಲದ ಪ್ರವಾಸದಲ್ಲಿ ಇಂಥ ಕರೆಗೆ ಹೋಗಲಾಗುವುದಿಲ್ಲ. ಇನ್ನೊಂದು ದಿನವಿದ್ದರೆ ಉತ್ತರಕ್ಕೆ ಹೋಗಿ ನ್ಯಾ ಚಾಂಗ್‌ನ ಪೋ ನಗರ್ ಗುಡಿ ನೋಡಿ. ಚಾಮ್‌ರ ತಾಯಿದೇವತೆಯನ್ನು ಅಲ್ಲಿ ಕಿನ್ ಜನರೂ ಥಿಯೆನ್ ಯ ಆ ನಾ ಎಂಬ ಹೆಸರಿನಲ್ಲಿ ಪೂಜಿಸುತ್ತಾರೆ.

ಆರನೆಯದು: ಊಟ

ಸಸ್ಯಾಹಾರಿಗಳು ಹೆದರಿ ಹಿಂದೆ ಸರಿಯಬೇಕಿಲ್ಲ, ತಯಾರಿ ಬೇಕು ಅಷ್ಟೆ. ಬೌದ್ಧ ಸಸ್ಯಾಹಾರಕ್ಕೆ ಅಲ್ಲಿ "ಚಾಯ್" ಎನ್ನುತ್ತಾರೆ. "ತೋಯ್ ಆನ್ ಚಾಯ್" ಎಂದರೆ ನಾನು ಸಸ್ಯಾಹಾರಿ. ಪಟ್ಟಣಗಳಲ್ಲಿ ಸಾಮಾನ್ಯವಾಗಿ ಚಾಯ್ ಹೋಟೆಲ್ ಇರುತ್ತದೆ. ಚಾಂದ್ರಮಾನದ 1 ಮತ್ತು 15ನೇ ದಿನ ಬಹಳ ಜನ ಮಾಂಸ ಬಿಡುವುದರಿಂದ ಅವತ್ತು ಬೀದಿಬದಿಯಲ್ಲೂ ಸಿಗುತ್ತದೆ. ಸಮಸ್ಯೆ ಇರುವುದು ಮೀನಿನ ಸಾಸ್‌ನಲ್ಲಿ. ಸೊಪ್ಪಿನ ಪಲ್ಯಕ್ಕೂ ಅದನ್ನು ಹಾಕುತ್ತಾರೆ, ಅದನ್ನು ಮಾಂಸವೆಂದು ಯಾರೂ ಎಣಿಸುವುದಿಲ್ಲ. "ಖೋಂಗ್ ನುವಕ್ ಮಾಮ್", ಅಂದರೆ ಮೀನಿನ ಸಾಸ್ ಬೇಡ, ಎಂಬುದನ್ನು ಗೈಡ್ ಕೈಯಲ್ಲಿ ವಿಯೆಟ್ನಾಮೀಸ್‌ನಲ್ಲಿ ಬರೆಸಿಟ್ಟುಕೊಳ್ಳಿ, ಉಚ್ಚಾರ ತಪ್ಪಿದರೂ ಚೀಟಿ ಕೆಲಸ ಮಾಡುತ್ತದೆ. ಅನ್ನಕ್ಕೆ ಶೇಂಗಾ, ಎಳ್ಳು ಹುರಿದು ಉಪ್ಪಿನ ಜೊತೆ ಕುಟ್ಟಿದ ಪುಡಿ ಕೊಡುತ್ತಾರೆ. ನಮ್ಮ ಶೇಂಗಾ ಚಟ್ನಿಪುಡಿಯಲ್ಲಿ ಖಾರ, ಬೆಳ್ಳುಳ್ಳಿ ಕಳೆದರೆ ಉಳಿಯುವ ರುಚಿ ಅದು. ತೋಫು, ನೀರುಪಾಲಕದ ಪಲ್ಯ, ಈ ಪುಡಿ ಇದ್ದರೆ ಊಟ ಸಲೀಸು.

ಮನೆಯ ಊಟಕ್ಕೆ ಕರೆದಾಗ ಮಾತ್ರ ಮುಂಚೆಯೇ ಗೈಡ್ ಮೂಲಕ ಹೇಳಿಸಿ. ಎಲೆ ಮುಂದೆ ಕೂತು ಬೇಡ ಎಂದರೆ ಬಡಿಸಿದವರಿಗೆ ಬೇಸರ. ಕಾತೇ ನೈವೇದ್ಯದಲ್ಲಿ ಮೇಕೆ, ಕೋಳಿ ಇರುತ್ತವೆ ಎಂಬುದೂ ನಿಮಗೆ ಗೊತ್ತಿರಲಿ.

ಏಳನೆಯದು: ಕಾತೇ ದಿನ ನಡೆದುಕೊಳ್ಳುವ ಬಗೆ

ಹಬ್ಬದ ಹಿಂದಿನ ದಿನವೇ ಬಂದಿರಿ. ದೇವರ ಉಡುಪುಗಳನ್ನು ಕಾಪಾಡಿಕೊಂಡು ಬಂದವರು ಬೆಟ್ಟದ ರಗ್ಲಾಯ್ ಜನ. ಚಾಮ್ ರಾಜ್ಯ ಕುಸಿದಾಗ ಆ ಒಡವೆ ವಸ್ತ್ರಗಳು ಅವರ ಸುಪರ್ದಿಗೆ ಹೋದವು ಎಂದು ಎರಡೂ ಕಡೆಯವರು ಹೇಳುತ್ತಾರೆ. ಹಬ್ಬಕ್ಕೆ ಅವರು ಅದನ್ನು ಕೆಳಗೆ ತರುತ್ತಾರೆ, ಹೂ ದುಕ್ ಊರಿನಲ್ಲಿ ಚಾಮ್‌ರು ಎದುರುಗೊಳ್ಳುತ್ತಾರೆ. ಪ್ರವಾಸಿಗರಲ್ಲಿ ಹೆಚ್ಚಿನವರು ಮಾರನೇ ಬೆಳಿಗ್ಗೆ ನೇರ ಗುಡ್ಡಕ್ಕೆ ಬರುತ್ತಾರೆ. ನನ್ನ ಮಟ್ಟಿಗೆ ಈ ಹಿಂದಿನ ದಿನದ ಭೇಟಿಯೇ ಹಬ್ಬದ ಹೃದಯ.

ಬೆಳಿಗ್ಗೆ ಉಡುಪುಗಳ ಮೆರವಣಿಗೆ ಗುಡ್ಡ ಹತ್ತುತ್ತದೆ. ಬಿಳಿ ಬಟ್ಟೆಯ ಅರ್ಚಕರು, ಗಿನಾಂಗ್ ಡೋಲು, ಸರನಾಯ್ ಎಂಬ ಓಲಗ. ಕಧರ್ ಎನ್ನುವವರು ಆಮೆಚಿಪ್ಪಿನ ಎರಡು ತಂತಿಯ ಕನ್ಹಿ ನುಡಿಸುತ್ತ ದೊರೆಗಳ ಸ್ತುತಿ ಹಾಡುತ್ತಾರೆ. ಬಾಗಿಲು ತೆರೆಯುವುದು, ಮೂರ್ತಿಗೆ ಸ್ನಾನ, ಉಡುಪು ತೊಡಿಸುವುದು, ಆಮೇಲೆ ದೊಡ್ಡ ನೈವೇದ್ಯ. ಗರ್ಭಗುಡಿ ಇಕ್ಕಟ್ಟು. ಒಳಗೆ ಜಾಗ ಮಾಡಿಕೊಳ್ಳಲು ಕ್ಯಾಮೆರಾ ಹಿಡಿದು ನುಗ್ಗುವವರು ಇರುತ್ತಾರೆ, ನೀವು ಅವರಲ್ಲಿ ಒಬ್ಬರಾಗಬೇಡಿ. ದೂರದಿಂದ ಬಂದ ಚಾಮ್ ಅಜ್ಜಿಯರಿಗೇ ಒಳಗೆ ನಿಲ್ಲಲು ಜಾಗವಿರುವುದಿಲ್ಲ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ, ಒಳಗೆ ಹೋಗುವ ಅವಕಾಶ ಸಿಕ್ಕರೆ ಚಪ್ಪಲಿ ಬಿಡಿ, ಫ್ಲ್ಯಾಶ್ ಬೇಡ, ಡ್ರೋನ್ ತರಲೇಬೇಡಿ. ಗುಡಿಯ ಪೂಜೆ ಮುಗಿದ ಮೇಲೆ ಊರ ಕಾತೇ, ಆಮೇಲೆ ಮನೆಮನೆಯ ಕಾತೇ. ಕರೆದವರ ಮನೆಗೆ ಹಣ್ಣು, ಬಿಸ್ಕತ್ತು ತೆಗೆದುಕೊಂಡು ಹೋಗಿ, ಎರಡೂ ಕೈಯಲ್ಲಿ ಕೊಡಿ.

ಬೆಟ್ಟದ ಕಡೆ ಹೋಗುವುದಾದರೆ

ಉತ್ತರದ ಹಾ ಜಿಯಾಂಗ್, ಈಗ ತುಯೆನ್ ಕ್ವಾಂಗ್ ಪ್ರಾಂತ್ಯಕ್ಕೆ ಸೇರಿದೆ. ಅಲ್ಲಿನ ಬೈಕ್ ಸುತ್ತು ಈಗ ಒಂದು ಪ್ರವಾಸಿ ಹೆದ್ದಾರಿಯೇ ಆಗಿದೆ. ಸುತ್ತು ಹೊಡೆಯುವ ಬದಲು ಅಲ್ಲಿನ ಬೆಟ್ಟದ ಜನ ಹ್ಮೋಂಗ್‌ರ ಒಂದೇ ಊರಿನಲ್ಲಿ ಎರಡು ರಾತ್ರಿ ಇರಿ. ಲುಂಗ್ ತಾಮ್ ಊರಿನ ಹೆಂಗಸರು ಸೆಣಬಿನಂಥ ನಾರು ಕೊಡುವ ಹೆಂಪ್ ಗಿಡದಿಂದ ಬಟ್ಟೆ ಮಾಡುತ್ತಾರೆ. ನಾರಿನ ತುದಿಗೆ ತುದಿ ಹೊಸೆಯುವುದನ್ನು ದಾರಿ ನಡೆಯುವಾಗಲೂ ನಿಲ್ಲಿಸುವುದಿಲ್ಲ. ಬೂದಿ ನೀರಿನಲ್ಲಿ ಬೇಯಿಸಿ ಬಿಳುಪು ಮಾಡುತ್ತಾರೆ. ನೇಯ್ದ ಬಟ್ಟೆಯನ್ನು ಮರದ ದಿಮ್ಮಿಗೆ ಸುತ್ತಿ, ಮೇಲೆ ಚಪ್ಪಟೆ ಕಲ್ಲಿಟ್ಟು, ಆ ಕಲ್ಲಿನ ಮೇಲೆ ನಿಂತು ಎಡಕ್ಕೂ ಬಲಕ್ಕೂ ತೂಗುತ್ತ ಇಸ್ತ್ರಿ ಮಾಡುತ್ತಾರೆ. ಆಮೇಲೆ ಜೇನುಮೇಣದ ಚಿತ್ತಾರ, ನೀಲಿಯಲ್ಲಿ ಹಲವು ಬಾರಿ ಅದ್ದುವುದು.

ಬೈಕನ್ನು ನೀವೇ ಓಡಿಸಬೇಡಿ. ಭಾರತದಲ್ಲಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ಜಿನೀವಾ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ದಂಡ ಬೀಳುವುದು ಹೋಗಲಿ, ಅಪಘಾತವಾದರೆ ವಿಮೆ ಕೈಕೊಡುತ್ತದೆ. ಸ್ಥಳೀಯ ಸವಾರನ ಹಿಂದೆ ಕೂರಿ. ಗಡಿ ಭಾಗದ ಅನುಮತಿ ಬೇಕಿದ್ದರೆ ಗೈಡ್ ಮಾಡಿಸುತ್ತಾರೆ. ಮನೆಯ ಬಾಗಿಲಿಗೆ ಹಸಿರು ಸೊಪ್ಪಿನ ಟೊಂಗೆ ಕಟ್ಟಿದ್ದರೆ ಅವತ್ತು ಹೊರಗಿನವರು ಒಳಗೆ ಬರಬಾರದು ಎಂದರ್ಥ. ಮಕ್ಕಳು ಬಳೆ, ಚೀಲ ಮಾರಲು ಬಂದರೆ ಕೊಳ್ಳಬೇಡಿ, ಚಾಕೊಲೇಟ್ ಹಂಚಬೇಡಿ. ದುಡ್ಡು ಬರುತ್ತದೆಂದು ಶಾಲೆ ಬಿಡಿಸಿ ಬೀದಿಗೆ ಕಳಿಸುವ ಅಭ್ಯಾಸ ಬೆಳೆಯುವುದು ನಮ್ಮ ಮರುಕದಿಂದಲೇ. ಅದೇ ಚೀಲವನ್ನು ನೇಯ್ದ ತಾಯಿಯ ಕೈಯಿಂದ, ಅವಳು ಹೇಳಿದ ಬೆಲೆಗೆ ಕೊಳ್ಳಿ.

ಕೊನೆಗೆ: ಲೆಕ್ಕ ಚುಕ್ತಾ

ಗೈಡ್‌ಗೆ ಮಾತಾಡಿದ ಹಣ ಸಂಸ್ಥೆಗೆ ಹೋಗಿರುತ್ತದೆ. ಕೆಲಸ ಇಷ್ಟವಾಗಿದ್ದರೆ ಮೇಲೆ ಕೊಡುವುದನ್ನು ಲಕೋಟೆಯಲ್ಲಿ ಹಾಕಿ, ಊರಿನ ಜೊತೆಗಾರರಿಗೆ ಬೇರೆ, ಗೈಡ್‌ಗೆ ಬೇರೆ ಕೊಡಿ. ಒಬ್ಬರ ಕೈಯಲ್ಲಿ ಕೊಟ್ಟು ಹಂಚಿಕೊಳ್ಳಿ ಎನ್ನಬೇಡಿ. ಅರ್ಧ ದಿನ ಕೂತು ನೋಡಿದ ಕುಂಬಾರರ ಮನೆಯಲ್ಲಿ ಏನನ್ನೂ ಕೊಳ್ಳದಿದ್ದರೂ ಅವರ ಸಮಯಕ್ಕೆ ಹಣ ಸಲ್ಲಬೇಕು, ಅದನ್ನು ಮೊದಲೇ ಗೊತ್ತುಮಾಡಿಕೊಂಡಿರಿ. ಬಾವ್ ತ್ರುಕ್ ಮಡಕೆ ಬಯಲು ಬೆಂಕಿಯಲ್ಲಿ ಸುಟ್ಟದ್ದು, ನೀರು ಜಿನುಗುತ್ತದೆ, ಬೇಗ ಒಡೆಯುತ್ತದೆ. ಚಿಕ್ಕದನ್ನೇ ಆರಿಸಿ, ಒಳಗೂ ಹೊರಗೂ ಬಟ್ಟೆ ತುಂಬಿ, ಕೈಚೀಲದಲ್ಲಿ ವಿಮಾನದೊಳಗೇ ತನ್ನಿ. ಕ್ಯಾಬಿನ್ ತೂಕದ ಮಿತಿ ಅಗ್ಗದ ವಿಮಾನಗಳಲ್ಲಿ 7 ಕೆ.ಜಿ. ಆಸುಪಾಸು ಇರುತ್ತದೆ, ಮಡಕೆ ಕೊಳ್ಳುವ ಮುಂಚೆ ಅದನ್ನು ನೆನಪಿಡಿ. ತೆಗೆದ ಫೋಟೋಗಳಲ್ಲಿ ಆ ಮನೆಯವರು ಇರುವುದನ್ನು ಆರಿಸಿ ಜಾಲೋದಲ್ಲಿ ಗೈಡ್‌ಗೆ ಕಳಿಸಿ. ಹೆಸರು ಹಾಕಿ ಎಲ್ಲಾದರೂ ಪ್ರಕಟಿಸುವುದಿದ್ದರೆ ಅವರ ಒಪ್ಪಿಗೆಯನ್ನು ಅದೇ ಸಂದೇಶದಲ್ಲಿ ಕೇಳಿ.